ಕಣ್ಣೊಳಗಿನ ರಕ್ತನಾಳದ ಫೋಟೋ: ಬೆಂಗಳೂರಿನಿಂದ ಮೂಗೂರಿನವರೆಗೆ

ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ದೇಹದ ಒಳಗಿರೋ ಒಂದು ಅಂಗದ ರಕ್ತನಾಳಗಳನ್ನು ಕೊಯ್ಯದೆ, ಚುಚ್ಚದೆ, ಸ್ಕ್ಯಾನಿಂಗ್ ಮಷೀನಿನೊಳಗೂ ಮಲಗದೆ ನೇರವಾಗಿ ನೋಡಬೇಕು ಅಂದ್ರೆ ಎಲ್ಲಿ ನೋಡಬೇಕು? ಹೃದಯದ್ದು ಕಾಣಲ್ಲ, ಮೂತ್ರಪಿಂಡದ್ದು ಕಾಣಲ್ಲ, ಮೆದುಳಂತೂ ತಲೆಬುರುಡೆಯ ಒಳಗಿದೆ. ಉಳಿದಿರೋದು ಕಣ್ಣು. ಕಣ್ಣಿನ ಮುಂಭಾಗ ಗಾಜಿನ ಹಾಗೆ ಪಾರದರ್ಶಕ. ಪಾಪೆಯ ಮೂಲಕ ಒಳಗೆ ನೋಡಿದರೆ ಹಿಂದಿನ ಗೋಡೆಯಲ್ಲಿ ರೆಟಿನಾ ಅನ್ನೋ ತೆಳು ಪರದೆ, ಅದರ ಮೇಲೆ ಕೆಂಪು ಬಳ್ಳಿಗಳ ಹಾಗೆ ಹರಡಿಕೊಂಡಿರೋ ರಕ್ತನಾಳಗಳು. ಅಲ್ಲಿ ಕಾಣೋದು ಕಣ್ಣಿನ ಕಾಯಿಲೆ ಮಾತ್ರ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ ಇವೆರಡೂ ಮೈಯೊಳಗಿನ ಸಣ್ಣ ರಕ್ತನಾಳಗಳಿಗೆ ಏನು ಮಾಡ್ತಿವೆ ಅನ್ನೋದರ ಗುರುತೂ ಅಲ್ಲಿ ಸಿಗುತ್ತೆ.

ಈ ರಕ್ತನಾಳಗಳ ಫೋಟೋ ತೆಗೆಯೋದು ಹೇಗೆ, ಫೋಟೋದಲ್ಲಿ ಕಾಯಿಲೆ ಗೊತ್ತಾಗೋದು ಹೇಗೆ, ಈ ವಿಷಯದಲ್ಲಿ ಕರ್ನಾಟಕದಲ್ಲಿ ಏನಾಗಿದೆ, ನಮ್ಮೂರು ಮೂಗೂರಿನಂಥ ಕಡೆಗೆ ಇದು ಯಾಕೆ ಬೇಕು ಅನ್ನೋದನ್ನ ಈ ಲೇಖನದಲ್ಲಿ ನೋಡೋಣ. ನಾವು ಓದ್ತಾ ಇರೋದು ಎಂಬಿಬಿಎಸ್ ಅಲ್ಲ, ಇಂಜಿನಿಯರಿಂಗ್ ಎರಡನೇ ವರ್ಷ. ಹಾಗಾಗಿ ಔಷಧಿಯ ವಿಚಾರ ಕಡಿಮೆ, ಬೆಳಕು, ಲೆನ್ಸು, ಪಿಕ್ಸೆಲ್ಲು ಇವುಗಳ ವಿಚಾರ ಜಾಸ್ತಿ ಇರುತ್ತೆ.

ಮೊದಲು ನಿಮ್ಮದೇ ನೋಡಿಕೊಳ್ಳಿ

ಒಂದು ದಪ್ಪ ರಟ್ಟಿನ ಚೂರು ತಗೊಳ್ಳಿ. ಗುಂಡುಸೂಜಿಯಿಂದ ಒಂದೇ ಒಂದು ತೂತು ಮಾಡಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ತೀರಾ ಹತ್ತಿರ ರಟ್ಟು ಹಿಡಿದು ಆ ತೂತಿನಿಂದ ಪರದೆ ನೋಡಿ. ಈಗ ರಟ್ಟನ್ನ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸ್ತಾ ಇರಿ, ಬೇಗ ಬೇಗ. ಕೆಲವು ಸೆಕೆಂಡಿನಲ್ಲಿ ಬಿಳಿ ಪರದೆ ಮೇಲೆ ಒಣಗಿದ ಮರದ ಕೊಂಬೆಗಳ ಹಾಗೆ ಸಣ್ಣ ಸಣ್ಣ ಗೆರೆಗಳು ಕಾಣೋಕೆ ಶುರುವಾಗ್ತವೆ. ಅಲ್ಲಾಡಿಸೋದು ನಿಲ್ಲಿಸಿದ ತಕ್ಷಣ ಮಾಯ. ಆ ಗೆರೆಗಳು ನಿಮ್ಮ ರೆಟಿನಾದ ರಕ್ತನಾಳಗಳ ನೆರಳು. ಇದನ್ನ ಪರ್ಕಿಂಜೆ ಅನ್ನೋ ವಿಜ್ಞಾನಿಯ ಹೆಸರಿನಿಂದ ಪರ್ಕಿಂಜೆ ಮರ ಅಂತ ಕರೀತಾರೆ.

ದಿನಾ ಈ ನೆರಳು ನಮಗೆ ಯಾಕೆ ಕಾಣಲ್ಲ? ರಕ್ತನಾಳಗಳು ಇರೋದು ಬೆಳಕು ಹಿಡಿಯೋ ಕೋಶಗಳ ಮುಂದೆ. ಹಾಗಾಗಿ ನೆರಳು ಯಾವಾಗಲೂ ಬೀಳ್ತಾನೇ ಇರುತ್ತೆ, ಆದರೆ ಯಾವಾಗಲೂ ಅದೇ ಜಾಗದಲ್ಲಿ. ಬದಲಾಗದೆ ಇರೋದನ್ನ ಕಣ್ಣು, ಮೆದುಳು ಲೆಕ್ಕಕ್ಕೆ ತಗೊಳ್ಳಲ್ಲ. ತೂತು ಅಲ್ಲಾಡಿದಾಗ ಬೆಳಕು ಬರೋ ಕೋನ ಬದಲಾಗಿ ನೆರಳೂ ಅಲ್ಲಾಡುತ್ತೆ, ಆಗ ಕಾಣುತ್ತೆ. ಬದಲಾಗೋದನ್ನ ಮಾತ್ರ ಹೆಕ್ಕಿ ತೋರಿಸೋ ಈ ಉಪಾಯ ನೆನಪಿರಲಿ, ಇವತ್ತಿನ ದುಬಾರಿ ಮಷೀನೊಂದು ಇದನ್ನೇ ಮಾಡುತ್ತೆ. ಅದಕ್ಕೆ ಆಮೇಲೆ ಬರೋಣ.

ಪಾಪೆ ಕಪ್ಪಗೆ ಯಾಕೆ ಕಾಣುತ್ತೆ?

ಪಾಪೆಯ ಹಿಂದೆ ಕೆಂಪು ರೆಟಿನಾ ಇದೆ ಅಂದಮೇಲೆ ಎದುರಿಗಿರೋರ ಪಾಪೆ ನಮಗೆ ಕೆಂಪಗೆ ಕಾಣಬೇಕಿತ್ತಲ್ವಾ? ಕಾಣಲ್ಲ. ಯಾಕಂದ್ರೆ ಕಣ್ಣಿನೊಳಗೆ ಹೋದ ಬೆಳಕು ಲೆನ್ಸಿನ ಮೂಲಕ ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತೆ, ಅಂದ್ರೆ ದೀಪದ ಕಡೆಗೇ. ಆ ಬೆಳಕನ್ನ ಹಿಡಿಯೋಕೆ ನಮ್ಮ ತಲೆ ದೀಪ ಇರೋ ಜಾಗದಲ್ಲೇ ಇರಬೇಕು. ಅಲ್ಲಿ ತಲೆ ಇಟ್ಟರೆ ದೀಪಕ್ಕೆ ಅಡ್ಡ. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಕಣ್ಣು ಕೆಂಪಾಗಿ ಬರೋದು ಕೂಡ ಇದೇ ಕಾರಣಕ್ಕೆ. ಮೊಬೈಲಿನಲ್ಲಿ ಫ್ಲ್ಯಾಶು, ಲೆನ್ಸು ತೀರಾ ಅಕ್ಕಪಕ್ಕ ಇರ್ತವೆ.

ಇದಕ್ಕೆ ಪರಿಹಾರ ಕೊಟ್ಟವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್, 1851ರಲ್ಲಿ. ಅರ್ಧ ಬೆಳಕನ್ನ ಪ್ರತಿಫಲಿಸಿ ಅರ್ಧ ಬೆಳಕನ್ನ ಬಿಟ್ಟುಕೊಡೋ ಗಾಜನ್ನ ಓರೆಯಾಗಿ ಇಟ್ಟರು. ಪಕ್ಕದಲ್ಲಿರೋ ದೀಪದ ಬೆಳಕು ಗಾಜಿಗೆ ಬಡಿದು ಕಣ್ಣೊಳಗೆ ಹೋಗುತ್ತೆ, ವಾಪಸ್ಸು ಬಂದಾಗ ಅದೇ ಗಾಜನ್ನ ದಾಟಿ ನೋಡುವವರ ಕಣ್ಣಿಗೆ ಸೇರುತ್ತೆ. ಇಲ್ಲಿ ನಮಗೆ ಸಂಬಂಧಪಟ್ಟ ಒಂದು ಸ್ವಾರಸ್ಯ ಇದೆ. ಕಂಪ್ಯೂಟರಿನ ಪಿತಾಮಹ ಅಂತ ನಾವು ಓದಿರೋ ಚಾರ್ಲ್ಸ್ ಬ್ಯಾಬೇಜ್ 1847ರಲ್ಲೇ ಇಂಥದ್ದೊಂದು ಉಪಕರಣ ಮಾಡಿ ಒಬ್ಬ ಕಣ್ಣಿನ ವೈದ್ಯರಿಗೆ ತೋರಿಸಿದ್ದರು. ಆ ವೈದ್ಯರು ಅದರ ಬೆಲೆ ಗುರುತಿಸಲಿಲ್ಲ, ವಿಷಯ ಅಲ್ಲಿಗೇ ನಿಂತುಹೋಯ್ತು. ಉಪಕರಣ ಮಾಡೋದು ಅರ್ಧ ಕೆಲಸ, ಅದನ್ನ ಬಳಸೋರ ಕೈಗೆ ಸೇರಿಸೋದು ಉಳಿದರ್ಧ. ಈ ಮಾತು ಲೇಖನದ ಕೊನೆವರೆಗೂ ಬೇರೆ ಬೇರೆ ರೂಪದಲ್ಲಿ ಬರುತ್ತೆ.

ನೋಡೋದಾಯ್ತು, ಫೋಟೋ ತೆಗೆಯೋದು ಇನ್ನೂ ಕಷ್ಟ. 1886ರಲ್ಲಿ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಅನ್ನೋರು ಬದುಕಿರೋ ಮನುಷ್ಯನ ರೆಟಿನಾದ ಫೋಟೋ ತೆಗೆದಾಗ ಎಕ್ಸ್‌ಪೋಷರ್ ಎರಡೂವರೆ ನಿಮಿಷ. ಅಷ್ಟು ಹೊತ್ತು ಕಣ್ಣು ಅಲ್ಲಾಡಿಸದೆ ಕೂರೋಕೆ ಯಾರಿಗಾಗುತ್ತೆ? ಚಿತ್ರ ಮಸುಕಾಗಿಯೇ ಬಂತು. 1926ರಲ್ಲಿ ಝೈಸ್ ಕಂಪನಿ ನಾರ್ಡೆನ್‌ಸನ್ ಅವರ ಜೊತೆ ಸೇರಿ ಮಾರಾಟಕ್ಕೆ ತಂದ ಕ್ಯಾಮೆರಾದಿಂದ ಈ ಕೆಲಸ ಆಸ್ಪತ್ರೆಗಳಿಗೆ ಬಂತು. ರೆಟಿನಾದ ಫೋಟೋ ತೆಗೆಯೋ ಇದನ್ನ ಫಂಡಸ್ ಕ್ಯಾಮೆರಾ ಅಂತಾರೆ.

ಅದರೊಳಗಿನ ಉಪಾಯ ಸರಳ. ಕಾರ್ನಿಯಾ ಒಂದು ಕನ್ನಡಿಯ ಹಾಗೆ ಹೊಳೆಯುತ್ತೆ, ಅದರ ಮೇಲೆ ಬಿದ್ದ ಬೆಳಕು ನೇರ ಕ್ಯಾಮೆರಾಕ್ಕೆ ಬಂದರೆ ಫೋಟೋ ತುಂಬ ಬಿಳಿ ಕಲೆ. ಅದಕ್ಕೆ ಬೆಳಕನ್ನ ಬಳೆಯ ಆಕಾರ ಮಾಡಿ ಪಾಪೆಯ ಅಂಚಿನಿಂದ ಒಳಗೆ ಕಳಿಸ್ತಾರೆ, ವಾಪಸ್ಸು ಬರೋ ಬೆಳಕನ್ನ ಪಾಪೆಯ ನಡುವಿನಿಂದ ತಗೊಳ್ತಾರೆ. ಹೋಗೋ ದಾರಿ, ಬರೋ ದಾರಿ ಬೇರೆ ಬೇರೆ. ಆದರೆ ಒಂದೇ ತೂತಿನಲ್ಲಿ ಎರಡು ದಾರಿ ಆಗಬೇಕು ಅಂದ್ರೆ ತೂತು ಸ್ವಲ್ಪ ದೊಡ್ಡದಾಗಿರಬೇಕು. ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಅಗಲ ಆಗೋ ಹನಿ ಹಾಕಿ ಅರ್ಧ ಗಂಟೆ ಕೂರಿಸೋದು ಇದಕ್ಕೇನೇ.

ಹಸಿರು ಚಾನೆಲ್‌ನ ಗುಟ್ಟು

ಇಮೇಜ್ ಪ್ರೊಸೆಸಿಂಗ್ ಮಾಡಿರೋರಿಗೆ ಈ ಭಾಗ ಇಷ್ಟ ಆಗುತ್ತೆ. ರೆಟಿನಾದ ಬಣ್ಣದ ಫೋಟೋ ತಗೊಂಡು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನ ಬೇರೆ ಮಾಡಿ ನೋಡಿ. ಕೆಂಪು ಚಾನೆಲ್ ಹೆಚ್ಚುಕಮ್ಮಿ ಪೂರ್ತಿ ಬೆಳ್ಳಗೆ, ರಕ್ತನಾಳ ಅಷ್ಟಾಗಿ ಕಾಣಲ್ಲ. ನೀಲಿ ಚಾನೆಲ್ ಕತ್ತಲು, ನಾಯ್ಸ್ ಜಾಸ್ತಿ. ಹಸಿರಿನಲ್ಲಿ ಮಾತ್ರ ರಕ್ತನಾಳಗಳು ಇದ್ದಿಲಿನಲ್ಲಿ ಬರೆದ ಹಾಗೆ ಕಪ್ಪಗೆ ಎದ್ದು ಕಾಣ್ತವೆ. ಕಾರಣ ರಕ್ತದ ಹಿಮೋಗ್ಲೋಬಿನ್. ಅದು ಹಸಿರು ಬೆಳಕನ್ನ ಚೆನ್ನಾಗಿ ಹೀರಿಕೊಳ್ಳುತ್ತೆ, ಕೆಂಪನ್ನ ಅಷ್ಟಾಗಿ ಹೀರಲ್ಲ. ರೆಟಿನಾದ ರಕ್ತನಾಳ ಹುಡುಕೋ ಪ್ರೋಗ್ರಾಮುಗಳಲ್ಲಿ ಬಹಳಷ್ಟು ಹಸಿರು ಚಾನೆಲ್‌ನಿಂದಲೇ ಶುರುವಾಗೋದು ಇದಕ್ಕೆ.

ಫೋಟೋದಲ್ಲಿ ಏನು ನೋಡ್ತಾರೆ?

ಮೊದಲು ಸಕ್ಕರೆ ಕಾಯಿಲೆ. ರಕ್ತದಲ್ಲಿ ಸಕ್ಕರೆ ಅಂಶ ವರ್ಷಗಟ್ಟಲೆ ಜಾಸ್ತಿ ಇದ್ದರೆ ತೀರಾ ಸಣ್ಣ ರಕ್ತನಾಳಗಳ ಗೋಡೆ ಬಲ ಕಳಕೊಳ್ಳುತ್ತೆ. ಈ ನಾಳಗಳು ಎಷ್ಟು ಸಣ್ಣ ಅಂದ್ರೆ ಒಂದು ಕೆಂಪು ರಕ್ತಕಣ ಸಾಲಾಗಿ ನುಸುಳಿ ಹೋಗೋವಷ್ಟು, 5ರಿಂದ 10 ಮೈಕ್ರೋಮೀಟರ್. ಬಲ ಕಳಕೊಂಡ ಜಾಗದಲ್ಲಿ ಗೋಡೆ ಉಬ್ಬುತ್ತೆ, ಹಳೇ ಸೈಕಲ್ ಟ್ಯೂಬ್ ಉಬ್ಬೋ ಹಾಗೆ. ಫೋಟೋದಲ್ಲಿ ಅದು ಸಣ್ಣ ಕೆಂಪು ಚುಕ್ಕೆ. ಆಮೇಲೆ ಆ ಉಬ್ಬು ಸೋರುತ್ತೆ. ರಕ್ತ ಸೋರಿದರೆ ಕೆಂಪು ಮಚ್ಚೆ, ಕೊಬ್ಬಿನಂಶ ಸೋರಿ ಉಳಿದುಕೊಂಡರೆ ಹಳದಿ ಮಚ್ಚೆ. ಕೆಲವು ನಾಳಗಳು ಪೂರ್ತಿ ಕಟ್ಟಿಕೊಳ್ತವೆ. ಆಗ ಆ ಭಾಗದ ರೆಟಿನಾ ಆಮ್ಲಜನಕ ಸಾಲದು ಅಂತ ವಿಇಜಿಎಫ್ ಅನ್ನೋ ಪ್ರೋಟೀನನ್ನ ಬಿಡುಗಡೆ ಮಾಡುತ್ತೆ, ಹೊಸ ರಕ್ತನಾಳ ಬೆಳೆಯೋಕೆ ಅದು ಕರೆ. ಬೆಳೆಯೋ ಹೊಸ ನಾಳಗಳು ಗಟ್ಟಿ ಇರಲ್ಲ. ಒಡೆದು ಕಣ್ಣೊಳಗೇ ರಕ್ತ ತುಂಬಬಹುದು, ರೆಟಿನಾವನ್ನೇ ಎಳೆದು ಕಿತ್ತುಹಾಕಬಹುದು.

ಇಲ್ಲಿ ಮುಖ್ಯವಾದ ವಿಷಯ ಏನಂದ್ರೆ, ಚುಕ್ಕೆ ಮೂಡೋ ಹಂತದಲ್ಲಿ ರೋಗಿಗೆ ಏನೂ ಗೊತ್ತಾಗಲ್ಲ. ನೋವಿಲ್ಲ, ಉರಿ ಇಲ್ಲ, ದೃಷ್ಟಿ ಸರಿಯಾಗೇ ಇರುತ್ತೆ. ದೃಷ್ಟಿ ಮಂಜಾಗಿ ಆಸ್ಪತ್ರೆಗೆ ಬರೋ ಹೊತ್ತಿಗೆ ಎಷ್ಟೋ ಸಲ ಕಾಯಿಲೆ ತುಂಬಾ ಮುಂದೆ ಹೋಗಿರುತ್ತೆ. ಲೇಸರ್, ಕಣ್ಣಿಗೆ ಕೊಡೋ ಇಂಜೆಕ್ಷನ್ ಇವೆಲ್ಲ ಇವೆ, ಇವುಗಳಿಂದ ಇರೋ ದೃಷ್ಟಿ ಉಳಿಸಿಕೊಳ್ಳಬಹುದು. ಹೋದ ದೃಷ್ಟಿಯನ್ನ ಪೂರ್ತಿ ವಾಪಸ್ಸು ತರೋದು ಕಷ್ಟ. ಅದಕ್ಕೇ ಟೈಪ್ 2 ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾದಾಗಲೇ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ರೆಟಿನಾ ಪರೀಕ್ಷೆ ಆಗಬೇಕು ಅಂತ ವೈದ್ಯರು ಹೇಳೋದು.

ಎಷ್ಟು ಜನರ ಪ್ರಶ್ನೆ ಇದು? 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರೋರು ಸುಮಾರು 10.1 ಕೋಟಿ. 2022ರ ಸ್ಮಾರ್ಟ್ ಇಂಡಿಯಾ ಅಧ್ಯಯನ 40 ವರ್ಷ ಮೇಲ್ಪಟ್ಟ ಸಕ್ಕರೆ ಕಾಯಿಲೆಯವರನ್ನ ನೋಡಿತು. ಅವರಲ್ಲಿ 100ಕ್ಕೆ ಸುಮಾರು 12 ಜನರ ರೆಟಿನಾ ಹಾಳಾಗೋಕೆ ಶುರುವಾಗಿತ್ತು, 100ಕ್ಕೆ 4 ಜನ ದೃಷ್ಟಿಯನ್ನೇ ಕಳಕೊಳ್ಳೋ ಅಪಾಯದ ಹಂತದಲ್ಲಿದ್ದರು.

ಬಿಪಿಯ ಗುರುತು ಬೇರೆ ಥರ. ಅಪಧಮನಿಗಳು ಕಿರಿದಾಗ್ತವೆ. ಸಾಮಾನ್ಯವಾಗಿ ರೆಟಿನಾದ ಅಪಧಮನಿ ಮತ್ತು ಅಭಿಧಮನಿಗಳ ಅಗಲ ಹೆಚ್ಚುಕಮ್ಮಿ 2:3 ಇರುತ್ತೆ, ಬಿಪಿ ಜಾಸ್ತಿ ಇರೋರಲ್ಲಿ ಈ ಲೆಕ್ಕ ತಪ್ಪುತ್ತೆ. ಎರಡು ನಾಳ ಒಂದರ ಮೇಲೊಂದು ದಾಟೋ ಕಡೆ ಗಡಸಾದ ಅಪಧಮನಿ ಕೆಳಗಿನ ಅಭಿಧಮನಿಯನ್ನ ಅದುಮುತ್ತೆ, ನೀರಿನ ಪೈಪಿನ ಮೇಲೆ ಕಾಲಿಟ್ಟ ಹಾಗೆ. 1939ರಷ್ಟು ಹಿಂದೆಯೇ ಕೀತ್, ವ್ಯಾಗ್ನರ್, ಬಾರ್ಕರ್ ಅನ್ನೋ ವೈದ್ಯರು ಈ ಗುರುತುಗಳನ್ನ ನಾಲ್ಕು ಹಂತವಾಗಿ ಜೋಡಿಸಿ, ಕಣ್ಣಿನ ಹಂತಕ್ಕೂ ರೋಗಿ ಎಷ್ಟು ವರ್ಷ ಬದುಕ್ತಾರೆ ಅನ್ನೋದಕ್ಕೂ ಸಂಬಂಧ ಇದೆ ಅಂತ ತೋರಿಸಿದ್ದರು.

ನಾಣ್ಯ ಚಿಮ್ಮಿದ ಇಬ್ಬರು ವಿದ್ಯಾರ್ಥಿಗಳು

ಮಾಮೂಲಿ ಫೋಟೋದಲ್ಲಿ ನಾಳ ಕಾಣುತ್ತೆ, ಆದರೆ ಅದರಲ್ಲಿ ರಕ್ತ ಹರೀತಾ ಇದೆಯಾ, ಎಲ್ಲಿ ಸೋರ್ತಾ ಇದೆ ಅನ್ನೋದು ಸರಿಯಾಗಿ ಗೊತ್ತಾಗಲ್ಲ. ಇದಕ್ಕೆ ದಾರಿ ಮಾಡಿದವರು ನಮ್ಮ ಹಾಗೇ ವಿದ್ಯಾರ್ಥಿಗಳು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದ್ತಾ ಇದ್ದ ಹೆರಾಲ್ಡ್ ನೊವಾಟ್ನಿ ಮತ್ತು ಡೇವಿಡ್ ಆಲ್ವಿಸ್. ಫ್ಲೋರೆಸೀನ್ ಅನ್ನೋ ಬಣ್ಣಕ್ಕೆ ನೀಲಿ ಬೆಳಕು ಬಿಟ್ಟರೆ ಅದು ಹಸಿರಾಗಿ ಹೊಳೆಯುತ್ತೆ. ಅದನ್ನ ಕೈಯ ನರಕ್ಕೆ ಚುಚ್ಚಿ, ಕ್ಯಾಮೆರಾ ಮುಂದೆ ಹಸಿರು ಬೆಳಕನ್ನ ಮಾತ್ರ ಬಿಡೋ ಫಿಲ್ಟರ್ ಇಟ್ಟರೆ? ರಕ್ತ ಹರಿಯೋ ಜಾಗ ಮಾತ್ರ ಹೊಳೆದು ಉಳಿದದ್ದೆಲ್ಲ ಕತ್ತಲಾಗುತ್ತೆ. ಮೊದಲು ಯಾರಿಗೆ ಚುಚ್ಚೋದು ಅಂತ ನಾಣ್ಯ ಚಿಮ್ಮಿದರಂತೆ, ಸೋತವರು ಆಲ್ವಿಸ್. ಕಣ್ಣಿನ ವೈದ್ಯರ ಪತ್ರಿಕೆ ಇವರ ಲೇಖನವನ್ನ ತಿರಸ್ಕರಿಸ್ತು. 1961ರಲ್ಲಿ ರಕ್ತ ಪರಿಚಲನೆಗೆ ಸಂಬಂಧಪಟ್ಟ ಬೇರೆ ಪತ್ರಿಕೆಯಲ್ಲಿ ಪ್ರಕಟವಾಯ್ತು. ಈ ಪರೀಕ್ಷೆ ಇವತ್ತಿಗೂ ಆಸ್ಪತ್ರೆಗಳಲ್ಲಿ ನಡೀತಾ ಇದೆ.

ಚುಚ್ಚೋದೂ ಬೇಡ ಅನ್ನೋ ಹಂತಕ್ಕೆ ತಂದದ್ದು ಓಸಿಟಿ. 1991ರಲ್ಲಿ ಎಂಐಟಿಯ ತಂಡ ಪ್ರಕಟಿಸಿದ್ದು. ಫಿಸಿಕ್ಸ್ ಲ್ಯಾಬಿನ ಮೈಕಲ್ಸನ್ ಇಂಟರ್‌ಫೆರೋಮೀಟರ್ ನೆನಪಿದೆಯಲ್ಲ, ಅದೇ ತತ್ವ. ಒಂದು ಕಿರಣ ಕನ್ನಡಿಗೆ, ಇನ್ನೊಂದು ಕಣ್ಣಿಗೆ. ಎರಡೂ ವಾಪಸ್ಸು ಬಂದು ಸೇರಿದಾಗ ಯಾವ ಆಳದಿಂದ ಎಷ್ಟು ಬೆಳಕು ಬಂತು ಅಂತ ಮೈಕ್ರೋಮೀಟರ್‌ಗಳ ಲೆಕ್ಕದಲ್ಲಿ ಗೊತ್ತಾಗುತ್ತೆ. ಕೇಕ್ ಕತ್ತರಿಸಿದಾಗ ಪದರ ಕಾಣೋ ಹಾಗೆ ರೆಟಿನಾದ ಪದರಗಳು ಕಾಣ್ತವೆ.

ಈಗ ಶುರುವಿನಲ್ಲಿ ಹೇಳಿದ ಉಪಾಯಕ್ಕೆ ಬರೋಣ. ಅದೇ ಜಾಗವನ್ನ ಕ್ಷಣಾರ್ಧದಲ್ಲಿ ಮತ್ತೆ ಮತ್ತೆ ಓಸಿಟಿ ಸ್ಕ್ಯಾನ್ ಮಾಡಿ. ಅಲ್ಲಾಡದೆ ಇರೋ ಅಂಗಾಂಶ ಎಲ್ಲ ಸ್ಕ್ಯಾನಿನಲ್ಲೂ ಒಂದೇ ಥರ ಇರುತ್ತೆ. ರಕ್ತಕಣ ಓಡ್ತಾ ಇರೋ ಜಾಗ ಮಾತ್ರ ಪ್ರತಿ ಸಲ ಬೇರೆ. ವ್ಯತ್ಯಾಸ ಇರೋ ಪಿಕ್ಸೆಲ್ಲುಗಳನ್ನ ಮಾತ್ರ ಉಳಿಸಿಕೊಂಡರೆ ರಕ್ತನಾಳಗಳ ನಕ್ಷೆ ತಾನಾಗೇ ಸಿಗುತ್ತೆ. ಇದು ಓಸಿಟಿ ಆಂಜಿಯೋಗ್ರಫಿ. ರಟ್ಟಿನ ತೂತು ಅಲ್ಲಾಡಿಸಿ ನೀವು ನೋಡಿದ್ದಕ್ಕೂ ಇದಕ್ಕೂ ಮೂಲ ವಿಚಾರ ಒಂದೇ, ಬದಲಾಗೋದನ್ನ ಹುಡುಕು. ಇದಕ್ಕೊಂದು ಮಿತಿಯೂ ಇದೆ. ರಕ್ತ ಹರಿಯೋದನ್ನ ತೋರಿಸುತ್ತೆ, ಸೋರೋದನ್ನ ತೋರಿಸಲ್ಲ.

ಕರ್ನಾಟಕದ ಕಥೆ: 30 ದಿನದ ಗಡುವು

ಇಷ್ಟು ಹೊತ್ತು ಹೊರದೇಶದ ಹೆಸರೇ ಬಂದವು. ಈಗ ನಮ್ಮ ಕಡೆ ನಡೆದದ್ದು.

ತಾಯಿಯ ಹೊಟ್ಟೆಯಲ್ಲಿ ಮಗುವಿನ ರೆಟಿನಾದ ರಕ್ತನಾಳಗಳು ಸುಮಾರು 16ನೇ ವಾರಕ್ಕೆ ನಡುವಿನಿಂದ ಅಂಚಿನ ಕಡೆ ಬೆಳೆಯೋಕೆ ಶುರುವಾಗಿ, ಅಂಚು ಮುಟ್ಟೋದು ದಿನ ತುಂಬೋ ಹೊತ್ತಿಗೆ. ದಿನ ತುಂಬದೆ ಹುಟ್ಟಿದ ಮಗುವಿನಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿರುತ್ತೆ. ನಾಳ ಇಲ್ಲದ ಅಂಚಿನ ಭಾಗ ಆಮ್ಲಜನಕ ಬೇಕು ಅಂತ ವಿಇಜಿಎಫ್ ಬಿಡುಗಡೆ ಮಾಡುತ್ತೆ, ಅಡ್ಡಾದಿಡ್ಡಿ ನಾಳ ಬೆಳೆದು ರೆಟಿನಾವನ್ನ ಎಳೆಯುತ್ತೆ. ಇದೇ ಆರ್‌ಓಪಿ. ಹಾಡುಗಾರ ಸ್ಟೀವೀ ವಂಡರ್ ದೃಷ್ಟಿ ಕಳಕೊಂಡದ್ದು ಇದರಿಂದ, 1950ರಲ್ಲಿ ದಿನ ತುಂಬೋ ಮೊದಲೇ ಹುಟ್ಟಿದ್ದರು.

ನಮ್ಮ ದೇಶದ ನಿಯಮದ ಪ್ರಕಾರ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹುಟ್ಟಿದ 30 ದಿನದೊಳಗೆ ರೆಟಿನಾ ಪರೀಕ್ಷೆ ಆಗಬೇಕು. ಚಿಕಿತ್ಸೆ ಬೇಕು ಅಂತ ಗೊತ್ತಾದರೆ ಎರಡು ಮೂರು ದಿನದೊಳಗೆ ಲೇಸರ್ ಆಗಬೇಕು. ತಡವಾದರೆ ಮಗುವಿಗೆ ಜೀವನಪೂರ್ತಿ ಕತ್ತಲೆ. ಆದರೆ ಇಂಥ ಎಳೇ ಕಣ್ಣು ಪರೀಕ್ಷೆ ಮಾಡಬಲ್ಲ ತಜ್ಞರು ತೀರಾ ಕಡಿಮೆ, ಇರೋರೂ ದೊಡ್ಡ ಊರುಗಳಲ್ಲಿ. ಒಂದೂವರೆ ಕಿಲೋ ಮಗುವನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಯಾರು ತಾನೆ ಹೋಗ್ತಾರೆ?

2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ತಂಡ ಕಿಡ್‌ರಾಪ್ ಅನ್ನೋ ಯೋಜನೆ ಶುರು ಮಾಡಿದರು. ಮಗು ಡಾಕ್ಟರ ಹತ್ತಿರ ಬರೋ ಬದಲು ಕ್ಯಾಮೆರಾ ಮಗುವಿನ ಹತ್ತಿರ ಹೋಗುತ್ತೆ. ವ್ಯಾನಿನಲ್ಲಿ ರೆಟ್‌ಕ್ಯಾಮ್ ಅನ್ನೋ ಕ್ಯಾಮೆರಾ ಇಟ್ಟುಕೊಂಡು ತಂಡ ಗೊತ್ತಾದ ದಿನ ಗೊತ್ತಾದ ಆಸ್ಪತ್ರೆಗೆ ಹೋಗುತ್ತೆ. ಮಾಮೂಲಿ ಫಂಡಸ್ ಕ್ಯಾಮೆರಾ ಒಂದು ಸಲಕ್ಕೆ ಸುಮಾರು 45 ಡಿಗ್ರಿ ನೋಡಿದರೆ ಇದು 130 ಡಿಗ್ರಿ ನೋಡುತ್ತೆ. ಆರ್‌ಓಪಿ ಶುರುವಾಗೋದೇ ಅಂಚಿನಲ್ಲಾದ್ದರಿಂದ ಆ ಅಗಲ ಬೇಕೇ ಬೇಕು.

ಯೋಜನೆಯ ಜೀವಾಳ ಇರೋದು ಕೆಲಸ ಹಂಚಿದ ರೀತಿಯಲ್ಲಿ. ಫೋಟೋ ತೆಗೆಯೋರು ಡಾಕ್ಟರಲ್ಲ, ತರಬೇತಿ ಪಡೆದ ಟೆಕ್ನಿಷಿಯನ್. ತೆಗೆಯೋದಷ್ಟೇ ಅಲ್ಲ, ಫೋಟೋ ನೋಡಿ ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸೋಕೂ ಅವರಿಗೆ ಕಲಿಸಿದರು. ಕೆಂಪು ಅಂದ್ರೆ ಕೂಡಲೇ ಚಿಕಿತ್ಸೆ, ಕಿತ್ತಳೆ ಅಂದ್ರೆ ಮತ್ತೆ ನೋಡಬೇಕು, ಹಸಿರು ಅಂದ್ರೆ ಚಿಂತೆ ಇಲ್ಲ. ಚಿತ್ರಗಳು ಇಂಟರ್ನೆಟ್ಟಿನಲ್ಲಿ ಹೋಗ್ತವೆ, ತಜ್ಞರು ತಾವಿದ್ದ ಕಡೆಯಿಂದಲೇ ಸ್ಮಾರ್ಟ್‌ಫೋನಿನಲ್ಲಿ ನೋಡಿ ವರದಿ ಕಳಿಸ್ತಾರೆ. ಸ್ಮಾರ್ಟ್‌ಫೋನ್ ಎಲ್ಲರ ಕೈಗೆ ಬರೋ ಮೊದಲೇ ಮಾಡಿದ ಕೆಲಸ ಇದು ಅನ್ನೋದನ್ನ ಮರೀಬೇಡಿ. ಆಮೇಲೆ ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಯೂ ಕೈಜೋಡಿಸಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೂ ಇದು ಹರಡಿತು.

ರೆಟ್‌ಕ್ಯಾಮ್ ವಿದೇಶದ್ದು, ತುಂಬಾ ದುಬಾರಿ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ 3ನೇತ್ರ ನಿಯೋ ಅನ್ನೋ ಹೆಸರಿನಲ್ಲಿ 120 ಡಿಗ್ರಿ ನೋಡೋ ಕ್ಯಾಮೆರಾವನ್ನ ಇಲ್ಲೇ ಮಾಡಿತು. ಈ ಕಂಪನಿಯನ್ನ 2010ರಲ್ಲಿ ಶುರು ಮಾಡಿದ ಕೆ. ಚಂದ್ರಶೇಖರ್ ಮತ್ತು ಶ್ಯಾಮ್ ವಾಸುದೇವ್ ಇಬ್ಬರೂ ಇಂಜಿನಿಯರಿಂಗ್ ಹಿನ್ನೆಲೆಯವರು. ಬೆಂಗಳೂರಿನದೇ ಆದ ರೆಮಿಡಿಯೋ ಕಂಪನಿ ಮೊಬೈಲ್ ಫೋನನ್ನೇ ಫಂಡಸ್ ಕ್ಯಾಮೆರಾ ಮಾಡಿತು. ಅಂದ್ರೆ ಉಪಕರಣ ಮಾಡೋ ಜಾಣತನ ನಮ್ಮ ರಾಜ್ಯದಲ್ಲೇ ಇದೆ.

ಮೂಗೂರಿನಿಂದ ನೋಡಿದರೆ

ಮೂಗೂರು ಗೊತ್ತಿಲ್ಲದವರಿಗೆ: ಮೈಸೂರು ಜಿಲ್ಲೆ, ತಿರುಮಕೂಡಲು ನರಸೀಪುರ ತಾಲ್ಲೂಕು, ತ್ರಿಪುರಸುಂದರಿ ಅಮ್ಮನ ಜಾತ್ರೆಗೆ ಹೆಸರಾದ ಊರು. ದೊಡ್ಡ ಪರೀಕ್ಷೆ ಅಂದ್ರೆ ನರಸೀಪುರಕ್ಕೆ ಹೋಗಿ, ಅಲ್ಲಿಂದ ಸುಮಾರು 30 ಕಿಲೋಮೀಟರ್ ಮೈಸೂರಿಗೆ ಹೋಗಬೇಕು. ನಕ್ಷೆಯಲ್ಲಿ ಇದು ದೂರವೇ ಅಲ್ಲ. ಆದರೆ ರೆಟಿನಾ ಪರೀಕ್ಷೆಗೆ ದೂರದ ಲೆಕ್ಕವೇ ಬೇರೆ. ಕಣ್ಣಿಗೆ ಹನಿ ಹಾಕಿದ ಮೇಲೆ ಕೆಲವು ಗಂಟೆ ಮಂಜು ಮಂಜು, ಬಿಸಿಲು ಕಂಡರೆ ಕಣ್ಣು ಬಿಡೋಕಾಗಲ್ಲ. ವಯಸ್ಸಾದವರು ಒಬ್ಬರೇ ಬಸ್ಸು ಹತ್ತಿ ವಾಪಸ್ಸು ಬರೋ ಹಾಗಿಲ್ಲ, ಜೊತೆಗೊಬ್ಬರು ಬೇಕು. ಅಂದ್ರೆ ಇಬ್ಬರ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು, ಊಟ. ಅದೂ ಏನೂ ತೊಂದರೆ ಇಲ್ಲದ ಕಣ್ಣಿಗೆ.

ನಮ್ಮ ಅಜ್ಜಿಗೆ ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು. ಕಣ್ಣು ತೋರಿಸೋಣ ಬಾ ಅಂದ್ರೆ, “ಕಣ್ಣು ಚೆನ್ನಾಗೇ ಕಾಣ್ತದೆ ಕಣ್ ಮಗ, ಅಕ್ಕೀಲಿರೋ ಕಲ್ಲು ಆರಿಸ್ತೀನಿ, ಇನ್ನೇನ್ ಪರೀಕ್ಷೆ?” ಅಂತಿದ್ದರು. ಅವರ ವಾದದಲ್ಲಿ ತಪ್ಪು ಹುಡುಕೋದು ಕಷ್ಟ, ಯಾಕಂದ್ರೆ ನಿಜವಾಗಲೂ ಕಾಣ್ತಿತ್ತು. ಕೊನೆಗೆ ಹೋದ ವರ್ಷ ರಜೆಯಲ್ಲಿ ಒಪ್ಪಿಸಿ ಮೈಸೂರಿಗೆ ಕರಕೊಂಡು ಹೋದಾಗ ಎಡಗಣ್ಣಿನ ಫೋಟೋದಲ್ಲಿ ನಾಲ್ಕೈದು ಕೆಂಪು ಚುಕ್ಕೆ ಇದ್ದವು. ಡಾಕ್ಟರು ಪರದೆ ತಿರುಗಿಸಿ ತೋರಿಸಿದರು. “ಇದು ನನ್ ಕಣ್ಣಾ? ಬೇರು ಬಿಟ್ಕಂಡಂಗದೆ” ಅಂದರು ಅಜ್ಜಿ. ಚಿಕಿತ್ಸೆ ಏನೂ ಬೇಕಾಗಲಿಲ್ಲ. ಶುಗರ್ ಹತೋಟಿಯಲ್ಲಿ ಇಟ್ಟುಕೊಳ್ಳಿ, ವರ್ಷ ಬಿಟ್ಟು ಮತ್ತೆ ಬನ್ನಿ ಅಂದರು. ಅವತ್ತಿನಿಂದ ಅಜ್ಜಿ ಮಾತ್ರೆ ಮರೆಯೋದು ಕಡಿಮೆಯಾಗಿದೆ. ನೂರು ಸಲ ಹೇಳಿದ ಮಾತಿಗಿಂತ ತನ್ನದೇ ಕಣ್ಣಿನ ಒಂದು ಫೋಟೋ ಜಾಸ್ತಿ ಕೆಲಸ ಮಾಡಿತು.

‘ವರ್ಷ ಬಿಟ್ಟು ಮತ್ತೆ’ ಅನ್ನೋದರಲ್ಲೂ ಒಂದು ತಾಂತ್ರಿಕ ವಿಷಯ ಇದೆ. ಮುಂದಿನ ಫೋಟೋದಲ್ಲಿ ಆರು ಚುಕ್ಕೆ ಇದ್ದರೆ ಕಾಯಿಲೆ ಹೆಚ್ಚಾಯ್ತಾ, ಇಲ್ಲ ಫೋಟೋ ಮಾತ್ರ ಚೆನ್ನಾಗಿ ಬಂತಾ? ಇದು ಗೊತ್ತಾಗಬೇಕಾದರೆ ಎರಡೂ ಫೋಟೋಗಳನ್ನ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಕಣ್ಣು ಒಂಚೂರು ತಿರುಗಿದ್ದರೂ ಜಾಗ ಬದಲಾಗುತ್ತೆ. ಅದೃಷ್ಟಕ್ಕೆ ರಕ್ತನಾಳ ಕವಲೊಡೆಯೋ ಜಾಗಗಳು ಅಷ್ಟಾಗಿ ಬದಲಾಗಲ್ಲ. ಅವನ್ನೇ ಗುರುತುಕಲ್ಲಿನ ಹಾಗೆ ಇಟ್ಟುಕೊಂಡು ಚಿತ್ರಗಳನ್ನ ಹೊಂದಿಸ್ತಾರೆ. ಹಾಗಾಗಿ ಹಳೇ ಫೋಟೋ ಜೋಪಾನವಾಗಿ ಇಟ್ಟುಕೊಳ್ಳೋದು ಹೊಸ ಫೋಟೋ ತೆಗೆಸೋದರಷ್ಟೇ ಮುಖ್ಯ.

ಎಐ ಬಂದರೆ ಎಲ್ಲ ಸರಿಹೋಗುತ್ತಾ?

2016ರಲ್ಲಿ ಗೂಗಲ್ ತಂಡ ಸುಮಾರು 1,28,000 ರೆಟಿನಾ ಚಿತ್ರಗಳಿಂದ ಒಂದು ನ್ಯೂರಲ್ ನೆಟ್‌ವರ್ಕ್‌ಗೆ ತರಬೇತಿ ಕೊಟ್ಟು, ಅದು ಸಕ್ಕರೆ ಕಾಯಿಲೆಯ ರೆಟಿನಾ ತೊಂದರೆಯನ್ನ ತಜ್ಞರಷ್ಟೇ ಚೆನ್ನಾಗಿ ಗುರುತಿಸುತ್ತೆ ಅಂತ ತೋರಿಸ್ತು. ಆ ಚಿತ್ರಗಳಲ್ಲಿ ಒಂದು ಪಾಲು ಭಾರತದ ಮೂರು ಆಸ್ಪತ್ರೆಗಳದ್ದು: ಅರವಿಂದ್, ಶಂಕರ ನೇತ್ರಾಲಯ, ಮತ್ತು ನಮ್ಮ ನಾರಾಯಣ ನೇತ್ರಾಲಯ. 2018ರಲ್ಲಿ ಅದೇ ಕಂಪನಿಯವರು ರೆಟಿನಾ ಫೋಟೋ ನೋಡಿ ವ್ಯಕ್ತಿ ಗಂಡೋ ಹೆಣ್ಣೋ, ವಯಸ್ಸೆಷ್ಟು ಅಂತ ಕೂಡ ಕಂಪ್ಯೂಟರ್ ಹೇಳಬಲ್ಲದು ಅಂತ ತೋರಿಸಿದರು. ಗಂಡು ಹೆಣ್ಣು ವ್ಯತ್ಯಾಸವನ್ನ ಕಣ್ಣಿನ ಡಾಕ್ಟರುಗಳು ಫೋಟೋ ನೋಡಿ ಹೇಳೋಕಾಗಲ್ಲ.

ಇದನ್ನ ಓದಿದಾಗ ಸಮಸ್ಯೆ ಮುಗಿದೇ ಹೋಯ್ತು ಅನ್ಸುತ್ತೆ. ಆದರೆ ಇಂಥ ವ್ಯವಸ್ಥೆಯನ್ನ ಥಾಯ್ಲೆಂಡಿನ 11 ಕ್ಲಿನಿಕ್‌ಗಳಲ್ಲಿ ಬಳಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಚಿತ್ರ ಕೊಡುತ್ತೆ. ನರ್ಸ್‌ಗಳು ತೆಗೆದ 1,838 ಫೋಟೋಗಳಲ್ಲಿ 100ಕ್ಕೆ 21ರಷ್ಟನ್ನ ‘ಚಿತ್ರ ಸ್ಪಷ್ಟವಿಲ್ಲ’ ಅಂತ ಎಐ ತಿರಸ್ಕರಿಸ್ತು. ಕಾರಣಗಳು ಸಣ್ಣವು. ಹನಿ ಹಾಕದೆ ಪಾಪೆ ಅಗಲ ಆಗಬೇಕಾದರೆ ಕೋಣೆ ಕತ್ತಲಾಗಿರಬೇಕು, ಎಷ್ಟೋ ಕ್ಲಿನಿಕ್‌ಗಳಲ್ಲಿ ಅಂಥ ಕೋಣೆ ಇರಲಿಲ್ಲ. ಇಂಟರ್ನೆಟ್ ನಿಧಾನ. ಚಿತ್ರ ತಿರಸ್ಕಾರ ಆದವರಿಗೆ ದೂರದ ಆಸ್ಪತ್ರೆಗೆ ಹೋಗಿ ಅಂತ ಹೇಳಬೇಕಾಯ್ತು, ಅಂದ್ರೆ ಮತ್ತೆ ಅದೇ ಒಂದು ದಿನದ ಕೂಲಿ. ವಯಸ್ಸಾದವರಿಗೆ ಪಾಪೆಯೂ ಸಣ್ಣ, ಜೊತೆಗೆ ಕಣ್ಣಿನ ಪೊರೆ ಬೇರೆ. ನಮ್ಮ ಹಳ್ಳಿಗಳಲ್ಲೂ ಇದೇ ತೊಂದರೆ ಬಂದೇ ಬರುತ್ತೆ.

ಕಿಡ್‌ರಾಪ್ ಗೆದ್ದದ್ದು ಎಲ್ಲಿ ಅಂತ ಈಗ ಗೊತ್ತಾಗುತ್ತೆ. ಫೋಟೋ ತೆಗೆಯೋದು, ಅದನ್ನ ಓದೋದು, ಮನೆಯವರಿಗೆ ತಿಳಿಸೋದು, ಚಿಕಿತ್ಸೆ ಕೊಡೋದು, ಈ ನಾಲ್ಕು ಕೊಂಡಿಗಳನ್ನೂ ಅವರು ಒಟ್ಟಿಗೆ ಕಟ್ಟಿದರು. ಒಂದು ಕೊಂಡಿ ಬಿಟ್ಟರೂ ಸರಪಳಿ ಕೆಲಸಕ್ಕೆ ಬರಲ್ಲ. ಎಐ ಇದರಲ್ಲಿ ಎರಡನೇ ಕೊಂಡಿ ಮಾತ್ರ.

ನಾವು ಏನು ಮಾಡಬಹುದು?

ಮಿನಿ ಪ್ರಾಜೆಕ್ಟ್ ಹುಡುಕ್ತಾ ಇರೋರಿಗೆ ಇದು ಒಳ್ಳೇ ವಿಷಯ, ಡೇಟಾ ಉಚಿತವಾಗಿ ಸಿಗುತ್ತೆ. ಡ್ರೈವ್ ಅನ್ನೋ ಡೇಟಾಸೆಟ್‌ನಲ್ಲಿ 40 ಚಿತ್ರ, ರಕ್ತನಾಳಗಳನ್ನ ಕೈಯಲ್ಲೇ ಗುರುತು ಮಾಡಿಟ್ಟಿದ್ದಾರೆ. ಮಹಾರಾಷ್ಟ್ರದ ನಾಂದೇಡಿನ ಕ್ಲಿನಿಕ್ಕಿನಿಂದ ಬಂದ ಐಡ್ರಿಡ್‌ನಲ್ಲಿ 516 ಚಿತ್ರ, ಭಾರತದವರದೇ ಕಣ್ಣು. ಒಂದೇ ಎಚ್ಚರಿಕೆ: ನಿಮ್ಮ ಮಾಡೆಲ್ 90 ಪರ್ಸೆಂಟ್ ಅಕ್ಯುರೆಸಿ ಕೊಟ್ಟರೆ ಹಿಗ್ಗಬೇಡಿ. ಚಿತ್ರದಲ್ಲಿ ರಕ್ತನಾಳದ ಪಿಕ್ಸೆಲ್ ಇರೋದೇ ಸುಮಾರು ಹತ್ತಕ್ಕೊಂದು. ‘ಎಲ್ಲೂ ರಕ್ತನಾಳ ಇಲ್ಲ’ ಅಂತ ಕಣ್ಣು ಮುಚ್ಚಿ ಹೇಳಿದರೂ ಹತ್ತಿರ ಹತ್ತಿರ ಅಷ್ಟೇ ಬರುತ್ತೆ. ಎಷ್ಟು ನಾಳ ತಪ್ಪಿಹೋಯ್ತು ಅಂತ ನೋಡಿ. ಅದಕ್ಕಿಂತ ಒಳ್ಳೇ ಪ್ರಾಜೆಕ್ಟ್ ಬೇಕಾ? ಫೋಟೋ ತೆಗೆದ ಕ್ಷಣದಲ್ಲೇ ‘ಇದು ಮಸುಕಾಗಿದೆ, ರೋಗಿ ಎದ್ದು ಹೋಗೋ ಮೊದಲು ಇನ್ನೊಂದು ತೆಗೀರಿ’ ಅಂತ ಕನ್ನಡದಲ್ಲಿ ಹೇಳೋ ಪ್ರೋಗ್ರಾಮ್ ಮಾಡಿ. ಪೇಪರ್ ಆಗೋಕೆ ಅಷ್ಟೇನೂ ಘನವಾದ ವಿಷಯ ಅಲ್ಲ, ಆದರೆ ಆ 21 ಪರ್ಸೆಂಟ್ ಕಡಿಮೆಯಾಗೋದು ಇಂಥದ್ದರಿಂದಲೇ.

ಪ್ರಾಜೆಕ್ಟ್ ಮಾಡದೇ ಇರೋರೂ ಮಾಡಬಹುದಾದ ಕೆಲಸ ಇದೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ, ಬೀದಿಯಲ್ಲಿ ಎರಡು ಪ್ರಶ್ನೆ ಕೇಳಿ. ಶುಗರ್ ಅಥವಾ ಬಿಪಿ ಇರೋರಿಗೆ: ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿಸಿ ಎಷ್ಟು ದಿನ ಆಯ್ತು? ಕನ್ನಡಕದ ನಂಬರ್ ನೋಡಿಸಿದ್ದು ಇದರ ಲೆಕ್ಕಕ್ಕೆ ಬರಲ್ಲ. ದಿನ ತುಂಬದ ಕೂಸು ಇರೋ ಮನೆಯವರಿಗೆ: 30 ದಿನದೊಳಗೆ ಕಣ್ಣಿನ ಪರೀಕ್ಷೆ ಆಗಿದೆಯಾ? ಉತ್ತರ ‘ಇಲ್ಲ’ ಅಂತಾದರೆ ಹೊರಡಿಸಿ, ಆದರೆ ನೀವೂ ಜೊತೆಗೆ ಹೋಗಿ. ಹನಿ ಹಾಕಿದ ಮೇಲೆ ದೊಡ್ಡವರನ್ನ ಕೈಹಿಡಿದು ಬಸ್ಸು ಹತ್ತಿಸೋಕೆ ಒಬ್ಬರು ಬೇಕಾಗುತ್ತೆ. ರಜೆಯಲ್ಲಿ ಆ ಕೆಲಸಕ್ಕೆ ಕೂಲಿ ಕಳಕೊಳ್ಳದೆ ಹೋಗಬಲ್ಲವರು ಮನೆಯಲ್ಲಿ ನಾವೇ ಅಲ್ವಾ?